ತೆರೆಯ ಹಿಂದಿನ ಜಾಗ ಈಗ ನನ್ನದು

ಪ್ರೀತಿಯ ಮಾರಾಯ,

ನಿನ್ನ ಹೀರೋಕ್ವೆಸ್ಟ್ ಬೋರ್ಡ್ ಗೇಮಿನ ಪೆಟ್ಟಿಗೆ ಕ್ಷೇಮವಾಗಿದೆ. ಅಟ್ಟಕ್ಕೆ ಹಾಕಿಲ್ಲ, ಹೆದರಬೇಡ. ಈ ಮಳೆಗೆ ಅಟ್ಟದಲ್ಲಿಟ್ಟ ರಟ್ಟು ಬೂಸಲು ಹಿಡಿಯದೆ ಉಳಿದೀತಾ? ನನ್ನ ಕಪಾಟಿನಲ್ಲಿ, ಬಟ್ಟೆಗಳ ಮೇಲೆ, ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೇನೆ. ಕಾಯಿಗಳೆಲ್ಲ ಇವೆ. ಆ ಒಂದು ಗಾಬ್ಲಿನ್ ಎಲ್ಲಿದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು, ಪೆರ್ಲದ ಬಸ್ಸಿಗೂ ಗೊತ್ತು.

ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ, ಬೇಸರ ಮಾಡಬೇಡ. ನಮ್ಮ ಬದಿಯಡ್ಕ, ಕುಂಬಳೆ ಕಡೆ ಹೀರೋಕ್ವೆಸ್ಟ್ ಆಡುವವರು ಇನ್ನೂ ಯಾರಾದರೂ ಇದ್ದರೆ ಓದಲಿ ಅಂತ ಆಸೆ. ಮುಂದಿನ ನಾಲ್ಕು ಮಾತು ಅವರಿಗೆ, ನೀನು ಹಾರಿಸಿಕೊಂಡು ಹೋಗು.

ಇದು 1989ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಆಟ. ಮಿಲ್ಟನ್ ಬ್ರಾಡ್ಲಿ ಮತ್ತು ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿಗಳು ಸೇರಿ ಮಾಡಿದ್ದು, ರೂಪಿಸಿದವರು ಸ್ಟೀಫನ್ ಬೇಕರ್. ನಮ್ಮಲ್ಲಿರುವುದು 2021ರಲ್ಲಿ ಮತ್ತೆ ಬಂದದ್ದು. ಒಂದು ಕಡೆ ನಾಲ್ಕು ಹೀರೋಗಳು: ಬಾರ್ಬೇರಿಯನ್, ಡ್ವಾರ್ಫ್, ಎಲ್ಫ್, ವಿಝಾರ್ಡ್. ಇನ್ನೊಂದು ಕಡೆ ಒಬ್ಬನೇ ಒಬ್ಬ, ದುಷ್ಟ ಮಾಂತ್ರಿಕ. ಇಂಗ್ಲೆಂಡಿನ ಪೆಟ್ಟಿಗೆಯಲ್ಲಿ ಅವನು ಮೋರ್ಕಾರ್, ಅಮೆರಿಕದ್ದರಲ್ಲಿ ಝಾರ್ಗಾನ್. ಅವನು ತೆರೆ ಇಟ್ಟುಕೊಂಡು ಹಿಂದೆ ಕೂರುತ್ತಾನೆ. ನೆಲಮಾಳಿಗೆಯ ನಕ್ಷೆ ಇರುವ ಪುಸ್ತಕ ಅವನೊಬ್ಬನ ಕೈಯಲ್ಲಿ. ಹೀರೋ ಬಾಗಿಲು ತೆಗೆದ ಮೇಲೆಯೇ ಒಳಗೆ ಏನಿದೆಯೋ ಅದನ್ನು ಅವನು ಹಲಗೆಯ ಮೇಲೆ ಇಡುತ್ತಾನೆ; ಗಾಬ್ಲಿನ್, ಆರ್ಕ್ ಮುಂತಾದ ರಾಕ್ಷಸರನ್ನು ನಡೆಸುವವನೂ ಅವನೇ. ಅಲ್ಲಿಯವರೆಗೆ ಹಲಗೆ ಖಾಲಿ.

ಆ ಜಾಗದಲ್ಲಿ ಯಾವಾಗಲೂ ನೀನೇ ಕೂರುತ್ತಿದ್ದೆ, ಅಲ್ವಾ. ಈಗ ನಾನು. ಆಡುವವರು ಅಕ್ಕನ ಮಗ, ಅವನ ಕ್ಲಾಸಿನ ಒಬ್ಬ ಹುಡುಗ, ಪಕ್ಕದ ಮನೆಯ ಹುಡುಗಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆದರೆ ಸಿಟ್ಟು ಬಂದರೆ ಮಲಯಾಳದಲ್ಲೇ ಬರುತ್ತದೆ. ಹುಡುಗರು ತಮ್ಮತಮ್ಮಲ್ಲಿ ಗುಟ್ಟು ಮಾಡುವಾಗ ತುಳು. ನನ್ನ ವಿರುದ್ಧ ಮೂರು ಭಾಷೆಯಲ್ಲಿ ಸಂಚು ನಡೆಯುತ್ತದೆ, ಮೂರೂ ನನಗೆ ಗೊತ್ತಿರುವುದರಿಂದ ಬಚಾವ್.

ಕೂತ ಮೇಲೆ ತಿಳಿದ ಮೊದಲ ಸಂಗತಿ, ದಾಳವೇ ಹೀರೋಗಳ ಕಡೆಗೆ ವಾಲಿದೆ. ಹೊಡೆದಾಟದ ದಾಳಕ್ಕೆ ಆರು ಮುಖ: ಮೂರು ತಲೆಬುರುಡೆ, ಎರಡು ಬಿಳಿ ಗುರಾಣಿ, ಒಂದು ಕಪ್ಪು ಗುರಾಣಿ. ಬುರುಡೆ ಬಿದ್ದರೆ ಪೆಟ್ಟು. ತಡೆಯುವಾಗ ಹೀರೋಗೆ ಬಿಳಿ ಗುರಾಣಿ ಬೇಕು, ನನ್ನ ಕಡೆಯವರಿಗೆ ಕಪ್ಪು. ಅಂದರೆ ಅವರು ಒಂದು ದಾಳದಲ್ಲಿ ಮೂರಕ್ಕೆ ಒಂದು ಸಲ ತಡೆದರೆ ನಾನು ಆರಕ್ಕೆ ಒಂದು ಸಲ. ಬಾರ್ಬೇರಿಯನ್ ಮೂರು ದಾಳ ಎತ್ತಿಕೊಂಡು ಬಂದ ಅಂದರೆ ನನ್ನ ಗಾಬ್ಲಿನ್ ಒಂದೇ ದಾಳ ಹಿಡಿದುಕೊಂಡು ನಿಲ್ಲಬೇಕು. ಹಾಗಾಗಿ ದುಷ್ಟನ ಕಡೆ ಆಡುವವನು ಬಲದಿಂದ ಗೆಲ್ಲುವುದಕ್ಕೆ ಹೋಗಬಾರದು. ಜಾಗದಿಂದ ಗೆಲ್ಲಬೇಕು.

ಈ ಆಟದಲ್ಲಿ ಕೆಲವು ಆಯುಧ ಬಿಟ್ಟರೆ ಓರೆಯಾಗಿ ಹೊಡೆಯುವ ಹಾಗಿಲ್ಲ. ಬಾಗಿಲಿನಲ್ಲಿ ಬಾರ್ಬೇರಿಯನ್ ನಿಂತರೆ ಎದುರಿನ ಒಂದು ಮನೆಯಿಂದ ಮಾತ್ರ ಅವನನ್ನು ಮುಟ್ಟಬಹುದು. ನನ್ನವರು ಒಬ್ಬೊಬ್ಬರೇ ಬಂದು ಸಾಯುತ್ತಾರೆ. ಅದಕ್ಕೆ ಬಾಗಿಲ ಕಡೆ ಓಡಿಸಲೇಬಾರದು, ಕೋಣೆಯ ಒಳಗೆ ಹಿಂದೆ ಸರಿಸಿ ಕಾಯಿಸಬೇಕು. ಅವರು ಒಳಗೆ ಕಾಲಿಟ್ಟರೆ ಮೂರು ಕಡೆಯಿಂದ ಮುತ್ತಬಹುದು. ವಿಝಾರ್ಡನಿಗೆ ಜೀವ ಇರುವುದು ನಾಲ್ಕೇ, ಬಾರ್ಬೇರಿಯನ್‌ಗೆ ಎಂಟು. ಓಣಿಯಲ್ಲಿ ವಿಝಾರ್ಡ್ ಸಾಲಿನ ಕೊನೆಗೆ ಉಳಿದರೆ ಹಿಂದಿನಿಂದ ಒಂದು ಆರ್ಕ್ ಸಾಕು. ಹೀರೋಗಳಿಗೂ ಹೇಳುತ್ತೇನೆ: ಮುಂದೆ ಬಾರ್ಬೇರಿಯನ್, ಹಿಂದೆ ಡ್ವಾರ್ಫ್, ಮಧ್ಯದಲ್ಲಿ ವಿಝಾರ್ಡ್. ಇದು ಬಿಟ್ಟು ಬೇರೆ ಸಾಲು ಕಟ್ಟಿದರೆ ನನಗೆ ಖುಷಿ.

ಇನ್ನೊಂದು, ನಿಧಿಯ ಆಸೆ. ಪ್ರತಿ ಕೋಣೆಯಲ್ಲೂ ಎಲ್ಲರೂ ಒಬ್ಬೊಬ್ಬರಾಗಿ ಹುಡುಕುತ್ತಾರೆ, ಅಂದರೆ ನಿಧಿಯ ಕಟ್ಟಿನಿಂದ ಒಂದೊಂದು ಕಾರ್ಡು ಎಳೆಯುತ್ತಾರೆ. ಚಿನ್ನದ ಕಾರ್ಡು ಬಂದರೆ ಅದು ಕಟ್ಟಿನಿಂದ ಹೊರಗೆ ಹೋಗುತ್ತದೆ. ಅಲೆಮಾರಿ ರಾಕ್ಷಸ ಬಂದರೆ ಅವನು ಪಕ್ಕದಲ್ಲೇ ಎದ್ದು ನಿಂತು ಹುಡುಕಿದವನಿಗೇ ಹೊಡೆಯುತ್ತಾನೆ, ಆದರೆ ಕಾರ್ಡು ಮಾತ್ರ ವಾಪಸು ಕಟ್ಟಿಗೇ ಸೇರುತ್ತದೆ. ಅಂದರೆ ಹುಡುಕಿದಷ್ಟೂ ಕಟ್ಟಿನಲ್ಲಿ ಒಳ್ಳೆಯದು ಕಮ್ಮಿಯಾಗುತ್ತಾ ಕೆಟ್ಟದ್ದು ಹಾಗೇ ಉಳಿಯುತ್ತದೆ. ಎಷ್ಟು ಹೇಳಿದರೂ ಹುಡುಗರು ಕೇಳುವುದಿಲ್ಲ. ನಾವು ಕೇಳುತ್ತಿದ್ದೆವಾ?

ಈಗ ನಿನಗೆ ಹೇಳಬೇಕಾದದ್ದು. ಈ ಕಡೆ ಕೂತವನು ಗೆಲ್ಲಲಿಕ್ಕೆ ಅಂತ ಕೂತವನಲ್ಲ ಮಾರಾಯ. ನಮ್ಮ ಯಕ್ಷಗಾನದ ಬಣ್ಣದ ವೇಷದ ಹಾಗೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿಹಿಟ್ಟಿನ ಚಿಟ್ಟಿ ಇಡುತ್ತಾರೆ, ಮಹಿಷಾಸುರ ದೊಂದಿ ಹಿಡಿದವರ ನಡುವೆ ಜನರ ಮಧ್ಯದಿಂದಲೇ ಅಬ್ಬರಿಸಿಕೊಂಡು ಬರುತ್ತಾನೆ, ಮಲಗಿದ ಮಕ್ಕಳನ್ನೆಲ್ಲ ಎಬ್ಬಿಸಿ ಕೂರಿಸುತ್ತೇವೆ. ಬೆಳಗಾಗುವುದರ ಒಳಗೆ ಅವನು ಸಾಯುತ್ತಾನೆ ಅಂತ ಅವನಿಗೂ ಗೊತ್ತು, ನೋಡುವವರಿಗೂ ಗೊತ್ತು. ಆದರೂ ಅವನು ಅರ್ಧ ಮನಸ್ಸಿನಲ್ಲಿ ಕುಣಿದರೆ ದೇವಿ ಗೆದ್ದದ್ದಕ್ಕೆ ಏನು ಬೆಲೆ? ಅದಕ್ಕೇ ನಾನು ಬಿಟ್ಟುಕೊಡುವುದಿಲ್ಲ. ತೆರೆಯ ಹಿಂದೆ ದಾಳ ಹಾಕುವುದಿಲ್ಲ, ಎಲ್ಲರ ಎದುರಿಗೆ ಹಾಕುತ್ತೇನೆ. ಬಿದ್ದದ್ದು ಬಿದ್ದ ಹಾಗೆ.

ಮೊನ್ನೆ ಜೋರು ಮಳೆ, ಕರೆಂಟ್ ಇಲ್ಲ, ಚಾರ್ಜರ್ ಲೈಟ್ ಇಟ್ಟುಕೊಂಡು ಆಡುತ್ತಿದ್ದೆವು. ಪಕ್ಕದ ಮನೆಯ ಹುಡುಗಿ ವಿಝಾರ್ಡ್. ಉಳಿದದ್ದು ಒಂದೇ ಜೀವ. ಉಳಿದವರು ದೂರ ಇದ್ದಾರೆ, ಇವಳು ಬಾಗಿಲ ಎದುರು. ಒಳಗೆ ಆರ್ಕ್ ಇದೆ ಅಂತ ಪುಸ್ತಕದಲ್ಲಿ ಕಾಣುತ್ತಿದೆ. ಅವಳು ಕಾಯಿಯ ಮೇಲೆ ಬೆರಳಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾಳೆ, ತೆಗೆಯಲಾ ಬೇಡವಾ ಅಂತ. ನಾನು ಮುಖ ಗಟ್ಟಿ ಮಾಡಿ ಕೂತೆ. ತೆಗೆದಳು. ಆರ್ಕ್ ಇಟ್ಟೆ. ಅವಳು ಒಂದು ಕ್ಷಣ ತುಟಿ ಕಚ್ಚಿ, ಉಳಿದಿದ್ದ ನಿದ್ದೆಯ ಮಂತ್ರದ ಕಾರ್ಡು ತೆಗೆದು ಹಲಗೆಯ ಮೇಲೆ ಹೊಡೆದಳು. ಆರ್ಕಿನ ಬುದ್ಧಿ ಎರಡು, ಹಾಗಾಗಿ ನನಗೆ ಎರಡು ಮಾಮೂಲಿ ಅಂಕಿಯ ದಾಳ, ಒಂದರಲ್ಲಾದರೂ ಆರು ಬಿದ್ದರೆ ಅದು ಎಚ್ಚರ. ಆರು ಬೀಳದಿರಲಿ, ಮಧೂರು ಗಣಪತಿಗೆ ಅಪ್ಪದ ಸೇವೆ ಮಾಡಿಸುತ್ತೇನೆ ಅಂತ ದುಷ್ಟ ಮಾಂತ್ರಿಕನೇ ಹರಕೆ ಹೊತ್ತ! ಎರಡು, ನಾಲ್ಕು. ಅವಳು ಕುಣಿದ ಕುಣಿತ ನೀನು ನೋಡಬೇಕಿತ್ತು.

ಆ ರಾತ್ರಿ ನಿನ್ನ ನೆನಪು ತುಂಬಾ ಬಂತು. ನಾವೆಲ್ಲ ನಿನ್ನ ಮುಖ ನೋಡುತ್ತಿದ್ದೆವಲ್ಲ, ನಿನಗೆ ಎಷ್ಟು ಕಷ್ಟ ಆಗಿರಬಹುದು ಅಂತ. ಬಾಗಿಲ ಹಿಂದೆ ಏನಿದೆ ಅಂತ ಗೊತ್ತು, ಎದುರಿಗೆ ಕೂತವರು ಪ್ರೀತಿಯ ಜನ, ಹೇಳುವ ಹಾಗಿಲ್ಲ. ಮತ್ತೆ ಆ ಕೊನೆಯ ಶನಿವಾರಗಳು. ವೀಸಾ ನಿನ್ನ ಕೈಗೆ ಬಂದಾಗಿತ್ತು. ನೀನು ಎಂದಿನ ಹಾಗೆ ಬಂದೆ, ಗೋಳಿಬಜೆ ತಿಂದೆ, ಆಡಿಸಿದೆ, ಹೊರಡುವ ವಿಷಯ ಬಾಯಿಬಿಡಲಿಲ್ಲ. ನನಗೆ ನಿನ್ನ ಮೇಲೆ ಬಹಳ ಸಿಟ್ಟಿತ್ತು. ನಿನಗೆ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಸಿಟ್ಟು ಈಗ ಇಲ್ಲ. ನಿನ್ನ ಜಾಗದಲ್ಲಿ ಕೂತ ಮೇಲೆ ಹೋಯಿತು.

ಮತ್ತೆ, ನನ್ನ ಹತ್ತಿರವೂ ಅಂಥದೊಂದು ಇದೆ. ಮಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ದೀಪಾವಳಿ ಕಳೆದು ಸೇರಬೇಕು. ದಿನಾ ಹೋಗಿ ಬರುವ ಕೆಲಸ ಅಲ್ಲ, ಅಲ್ಲೇ ಇರಬೇಕು. ಅಮ್ಮನಿಗೆ ಹೇಳಿಲ್ಲ. ಅಡಿಕೆ ಕೊಯ್ಲಿನ ಹೊತ್ತಿಗೆ ತೋಟ ಯಾರು ನೋಡುವುದು ಅಂತ ಅವಳು ಕೇಳುವುದಿಲ್ಲ, ಸುಮ್ನೆ ಒಳಗೆ ಹೋಗಿ ಅನ್ನಕ್ಕೆ ನೀರಿಡುತ್ತಾಳೆ, ಅದು ನನಗೆ ತಡೆಯಲಿಕ್ಕೆ ಆಗುವುದಿಲ್ಲ. ಅಕ್ಕನ ಮಗನಿಗೂ ಹೇಳಿಲ್ಲ. ಪುಸ್ತಕದಲ್ಲಿ 14 ಆಟ ಇದೆ, ಎಲ್ಲ ಮುಗಿಸಿಯೇ ಬಿಡಬೇಕು ಮಾವ ಅಂದ. ಆಯಿತು ಅಂದೆ. ಅವನ ಎದುರು ಕೂತು ಪುಟ ತಿರುಗಿಸುವಾಗ ಎದೆ ಭಾರ ಆಗುತ್ತದೆ.

ಇಷ್ಟು ಬರೆಯುತ್ತೇನೆ ಅಂತ ಅಂದುಕೊಂಡಿರಲಿಲ್ಲ. ಅಕ್ಕ ಇದನ್ನು ಖಂಡಿತ ಓದುತ್ತಾಳೆ. ಓದಲಿ. ಅವಳ ಫೋನ್ ಬರುವ ಮೊದಲು ಅಮ್ಮನ ಹತ್ತಿರ ಮಾತಾಡುತ್ತೇನೆ, ಇವತ್ತೇ, ಊಟ ಆದ ಮೇಲೆ.

ಸರಿ, ಮುಖ್ಯ ವಿಷಯಕ್ಕೆ ಬರುತ್ತೇನೆ. ಡ್ವಾರ್ಫ್ ಕಾಯಿಯನ್ನು ನಮ್ಮ ಹುಡುಗರು ಯಾರೂ ಕೇಳಿ ತೆಗೆದುಕೊಳ್ಳುವುದಿಲ್ಲ. ಕುಳ್ಳ, ಗಡ್ಡ ಬೇರೆ, ನಮಗೆ ಬೇಡ ಅಂತಾರೆ. ನಾಲ್ವರೂ ಇರಬೇಕಲ್ಲ, ಹಾಗಾಗಿ ಸರದಿಯ ಮೇಲೆ ಒಬ್ಬೊಬ್ಬರು ಎರಡು ಕಾಯಿ ನಡೆಸುತ್ತಾರೆ. ಸಲಕರಣೆ ಇಲ್ಲದೆ ಬಲೆ ಕೀಳುವವನು ಅವನೊಬ್ಬನೇ, ಅವನ ಬೆಲೆ ಇವರಿಗೆ ಗೊತ್ತಿಲ್ಲ. ನೀನು ರಜೆಯಲ್ಲಿ ಬಂದಾಗ ಈ ಕಡೆ ಕೂರುವ ಹಾಗಿಲ್ಲ, ಹೀರೋಗಳ ಸಾಲಿನಲ್ಲಿ ಕೂರಬೇಕು, ಡ್ವಾರ್ಫ್ ನಿನ್ನದು. ಮಂಗಳೂರಿನಿಂದ ನಾನು ಹೇಗಾದರೂ ಬರುತ್ತೇನೆ, ರೈಲು ಹತ್ತಿದರೆ ಎಷ್ಟು ಹೊತ್ತು. ಹಿಂದಿನ ಆಟಗಳ ನಕ್ಷೆ ನಿನಗೆ ಬಾಯಿಪಾಠ ಇದೆ ಅಂತ ಗೊತ್ತು, ಅದಕ್ಕೆ ಕೊನೆಯ ಕೆಲವನ್ನು ನಾನೇ ಹೊಸದಾಗಿ ಬರೆಯುತ್ತಿದ್ದೇನೆ. ದಾಳಕ್ಕೆ ಊದುವ ನಿನ್ನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಹುಡುಗಿ ಈಗಾಗಲೇ ಅದಕ್ಕೆ ದಂಡ ಹಾಕಿದ್ದಾಳೆ: ಒಂದು ಊದಿಗೆ ಒಂದು ಮಿಠಾಯಿ. ಜಾಸ್ತಿ ತಗೊಂಡು ಬಾ.

ಇತಿ ನಿನ್ನ,
ನೀರ್ಚಾಲಿನವ