ಓದದಿದ್ದರೆ ದನ ಕಾಯಬೇಕಾದೀತು

ಗೆಳೆಯಾ,

ಇತ್ತ ನಾವೆಲ್ಲ ಕ್ಷೇಮ. ನಾಲೆಗೆ ಈ ಸಲ ಕೊನೆಯವರೆಗೂ ನೀರು ಬಿಟ್ಟರು ಎಂದು ನೀನು ಹೇಳಿದ್ದೆ. ಇಷ್ಟು ಹೊತ್ತಿಗೆ ನಿನ್ನ ಗದ್ದೆಯಲ್ಲಿ ತೆನೆ ಬಾಗಿರಬೇಕು.

ಹೋದ ವಾರ ಫೋನಿನಲ್ಲಿ ‘ಮಗಳ ಜೊತೆ ದನ ನೋಡುವ ಸ್ಪರ್ಧೆಗೆ ಹೋಗಿದ್ದೆ’ ಎಂದಾಗ ನೀನು ನಕ್ಕ ನಗು ಇನ್ನೂ ಕಿವಿಯಲ್ಲಿದೆ. ನಗಬೇಕಾದದ್ದೇ. ‘ಓದದಿದ್ದರೆ ದನ ಕಾಯಬೇಕಾದೀತು’ ಎಂದು ನಮ್ಮಿಬ್ಬರ ಮನೆಯಲ್ಲೂ ದಿನಕ್ಕೆರಡು ಸಲ ಹೇಳುತ್ತಿದ್ದರು. ಆ ಹೆದರಿಕೆಗೇ ನಾನು ಓದಿ ಇಂಜಿನಿಯರ್ ಆಗಿ ಅಮೆರಿಕದ ಓಹಿಯೊದವರೆಗೆ ಬಂದೆ. ಬಂದು ನೋಡಿದರೆ ಮಗಳು ದನದ ಬಗ್ಗೆಯೇ ಓದುತ್ತಿದ್ದಾಳೆ.

ಇಲ್ಲಿನ ಹಳ್ಳಿ ಕಡೆಯ ಹೈಸ್ಕೂಲುಗಳಲ್ಲಿ ಕೃಷಿಯೂ ಒಂದು ಪಾಠ. ಅದನ್ನು ಓದುವ ಮಕ್ಕಳಿಗೊಂದು ಸಂಘವಿದೆ, ಎಫ್‌ಎಫ್‌ಎ ಎಂದು. ಮೊದಲು ಅದರ ಹೆಸರು ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ, ಅಂದರೆ ನಾಳಿನ ರೈತರು. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ 18 ರಾಜ್ಯಗಳ 33 ಹುಡುಗರು ಸೇರಿ ಕಟ್ಟಿದ್ದು. ಈಗ ಸದಸ್ಯರು ಹತ್ತು ಲಕ್ಷ ದಾಟಿದ್ದಾರೆ. ಹುಡುಗರು ಎಂದು ಸುಮ್ಮನೆ ಹೇಳಲಿಲ್ಲ. ಹುಡುಗಿಯರಿಗೆ ಬಾಗಿಲು ತೆರೆದದ್ದು 1969ರಲ್ಲಿ. ದಕ್ಷಿಣದ ರಾಜ್ಯಗಳ ಕಪ್ಪು ಮಕ್ಕಳಿಗಂತೂ 1965ರವರೆಗೆ ಬೇರೆಯೇ ಸಂಘವಿತ್ತು. ಇದನ್ನೆಲ್ಲ ಮಗಳೇ ನನಗೆ ಹೇಳಿದ್ದು, ಒಂದಿಷ್ಟೂ ಮುಚ್ಚಿಡದೆ.

ವರ್ಷಕ್ಕೊಂದು ರಾಷ್ಟ್ರೀಯ ಸಮ್ಮೇಳನ, ಈಗ ಇಂಡಿಯಾನಾಪೊಲಿಸ್‌ನಲ್ಲಿ. ಅವಳ ತಂಡ ರಾಜ್ಯಮಟ್ಟದಲ್ಲಿ ಗೆದ್ದಿತ್ತು. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಪೋಷಕರು ಬೇಕು ಎಂದಾಗ ನಾನು ಕೈ ಎತ್ತಿದೆ. ಹಳದಿ ಶಾಲಾ ಬಸ್ಸಿನಲ್ಲಿ ಮೂರು ಗಂಟೆ ಮೊಣಕಾಲು ಮಡಚಿ ಕೂತು ಹೋದದ್ದು ನಲವತ್ತೆಂಟರ ವಯಸ್ಸಿಗೆ ಹೇಳಿಸಿದ್ದಲ್ಲ, ಬಿಡು.

ಊರು ಸೇರುವಾಗ ಮೊದಲು ಕಂಡದ್ದು ನೀಲಿ. ಪಾದಚಾರಿ ದಾರಿ, ಹೋಟೆಲ್, ಕಾಫಿ ಅಂಗಡಿ, ಎಲ್ಲಿ ನೋಡಿದರೂ ಕಡುನೀಲಿ ಕಾರ್ಡುರಾಯ್ ಕೋಟು ತೊಟ್ಟ ಮಕ್ಕಳು. ಒಟ್ಟು ಎಪ್ಪತ್ತು ಸಾವಿರದಷ್ಟು ಜನ. ಆ ಕೋಟಿನ ಮೂಲವೂ ನಮ್ಮ ಓಹಿಯೊವೇ. ಫ್ರೆಡರಿಕ್‌ಟೌನ್ ಎಂಬ ಸಣ್ಣ ಊರಿನ ಮಕ್ಕಳು 1933ರ ಸಮ್ಮೇಳನಕ್ಕೆ ಅದನ್ನು ತೊಟ್ಟು ಹೋದರು, ಎಲ್ಲರಿಗೂ ಹಿಡಿಸಿತು, ಅಂದಿನಿಂದ ಅದೇ ಸಮವಸ್ತ್ರ. ಬೆನ್ನ ಮೇಲೆ ರಾಜ್ಯದ ಹೆಸರು, ಶಾಲೆಯ ಸಂಘದ ಹೆಸರು. ಎದೆಯ ಬಲಕ್ಕೆ ಮಗುವಿನ ಹೆಸರು, ಹೊಂಬಣ್ಣದ ದಾರದಲ್ಲಿ. ಕತ್ತಿನವರೆಗೂ ಜಿಪ್ ಎಳೆದಿರಬೇಕು. ಎಳೆಯದಿದ್ದರೆ ಮೇಷ್ಟ್ರು ಬೇಡ, ಪಕ್ಕದ ಮಗುವೇ ಗದರುತ್ತದೆ.

ಮೇಷ್ಟ್ರು ಎಂದಾಗ ನೆನಪಾಯಿತು. ಇವರ ಸಭೆಯಲ್ಲಿ ಪ್ರತಿಯೊಬ್ಬ ಪದಾಧಿಕಾರಿಗೂ ಒಂದು ಚಿಹ್ನೆ, ಅದರ ಪಕ್ಕದಲ್ಲೇ ಅವರ ಜಾಗ. ಅಧ್ಯಕ್ಷರಿಗೆ ಉದಯಸೂರ್ಯ, ಉಪಾಧ್ಯಕ್ಷರಿಗೆ ನೇಗಿಲು, ಕಾರ್ಯದರ್ಶಿಗೆ ಮುಸುಕಿನ ಜೋಳದ ತೆನೆ. ಮೇಷ್ಟ್ರಿಗೆ ಗೂಬೆ! ‘ನೀವೇಕೆ ಗೂಬೆಯ ಪಕ್ಕ?’ ಎಂದು ಉಪಾಧ್ಯಕ್ಷೆ ಕೇಳಬೇಕು, ‘ಗೂಬೆ ಜ್ಞಾನದ ಸಂಕೇತ’ ಎಂದು ಮೇಷ್ಟ್ರು ಎದ್ದು ನಿಂತು ಹೇಳಬೇಕು. ಮೊದಲ ಸಲ ಅವಳ ಶಾಲೆಯಲ್ಲಿ ಇದನ್ನು ನೋಡಿದಾಗ ನಾನು ಕೆಮ್ಮುವವನಂತೆ ನಟಿಸಿ ಹೊರಗೆ ಹೋಗಿ ನಕ್ಕೆ. ನಮ್ಮ ಗಣಿತದ ಮೇಷ್ಟ್ರು ನಿನ್ನನ್ನು ದಿನವೂ ಗೂಬೆ ಎಂದು ಕರೆಯುತ್ತಿದ್ದರಲ್ಲ, ಅದು ಪ್ರಶಸ್ತಿ ಎಂದು ಈಗ ತಿಳಿ.

ಇನ್ನು ಸ್ಪರ್ಧೆ. ನಾಲ್ಕು ಹಸುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಮಕ್ಕಳು ಸುತ್ತಿ ನೋಡಿ ಯಾವುದು ಮೊದಲು, ಯಾವುದು ಕೊನೆ ಎಂದು ಬರೆದು ಕೊಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಆಮೇಲೆ ತೀರ್ಪುಗಾರರ ಎದುರು ನಿಂತು ‘ಹೀಗೇಕೆ ಇಟ್ಟೆ’ ಎಂದು ಬಾಯಿಬಿಟ್ಟು ಹೇಳಬೇಕು. ಕ್ರಮ ತಪ್ಪಿದರೂ ಕಾರಣ ಚೆನ್ನಾಗಿದ್ದರೆ ಅದಕ್ಕೆ ಬೇರೆ ಅಂಕ.

ಹಿಂದಿನ ರಾತ್ರಿ ನಾನು ಹೋಟೆಲಿನ ಓಣಿಯಲ್ಲಿ ಮಕ್ಕಳ ಎಣಿಕೆಗೆ ಹೊರಟರೆ, ನಾಲ್ಕು ಮೂಲೆಯಲ್ಲಿ ನಾಲ್ಕು ಮಕ್ಕಳು ಗೋಡೆಗೆ ಮುಖ ಮಾಡಿ ನಿಂತು ಮಾತಾಡುತ್ತಿವೆ. ಶಿಕ್ಷೆ ಕೊಟ್ಟಿದ್ದಾರೇನೋ ಎಂದುಕೊಂಡೆ. ಹತ್ತಿರ ಹೋದರೆ ನನ್ನ ಮಗಳು ಗೋಡೆಗೆ ಹಸುವಿನ ಕೆಚ್ಚಲು ವರ್ಣಿಸುತ್ತಿದ್ದಾಳೆ. ‘ಮೂರು, ಒಂದು, ನಾಲ್ಕು, ಎರಡು. ಮೂರನ್ನು ಮೊದಲು ಇಟ್ಟೆ, ಏಕೆಂದರೆ ಹಿಂಗೆಚ್ಚಲು ಎತ್ತರದಲ್ಲಿ, ಅಗಲವಾಗಿ ಕೂತಿದೆ, ಕಾಲು ನೇರವಾಗಿದೆ. ಒಂದಕ್ಕೆ ದೇಹದ ಆಳ ಹೆಚ್ಚು ಎಂದು ಒಪ್ಪುತ್ತೇನೆ, ಆದರೂ...’ ಆ ‘ಒಪ್ಪುತ್ತೇನೆ’ ಎಂಬ ಮಾತು ನನಗೆ ಬಹಳ ಹಿಡಿಸಿತು. ಸೋತ ಹಸುವಿನ ಗುಣವನ್ನೂ ಹೇಳಲೇಬೇಕಂತೆ, ಇಲ್ಲದಿದ್ದರೆ ಅಂಕ ಹೋಗುತ್ತದೆ.

ಆಗ ನಿಮ್ಮ ಅಪ್ಪ ನೆನಪಾದರು. ಚುಂಚನಕಟ್ಟೆ ಜಾತ್ರೆಯಲ್ಲಿ ಅವರು ಹೋರಿಯ ಸುತ್ತ ಒಂದು ಸುತ್ತು ಬಂದು, ಸುಳಿ ನೋಡಿ, ಬಾಯಿ ಬಿಡಿಸಿ ಹಲ್ಲು ನೋಡಿ, ಸುಮ್ಮನೆ ಬೀಡಿ ಹಚ್ಚುತ್ತಿದ್ದರು. ‘ಹೆಂಗೆ ಮಾವ?’ ಎಂದರೆ ಹುಬ್ಬು ಹಾರಿಸುವುದು ಅಷ್ಟೇ. ಆಮೇಲೆ ಟವೆಲ್ ಕೆಳಗೆ ಕೈ ಹಾಕಿ ಬೆರಳು ಹಿಡಿದು ವ್ಯಾಪಾರ. ಎಷ್ಟಕ್ಕೆ ಎಂದು ಪಕ್ಕದವನಿಗೂ ಗೊತ್ತಾಗಬಾರದು. ಅವರಿಗೆ ತಿಳಿದದ್ದು ಇವಳಿಗಿಂತ ನೂರು ಪಟ್ಟು ಹೆಚ್ಚು, ಆದರೆ ಅದು ಅವರ ಜೊತೆಗೇ ಹೋಯಿತು. ನೀನಾದರೂ ಎಷ್ಟು ಕಲಿತೆ, ಹೇಳು? ನಮ್ಮಲ್ಲೂ ಕೃಷಿ ಪದವಿಯ ರೈತ ಮಕ್ಕಳ ಕೋಟಾಕ್ಕೆ ಬೀಜ, ಸಲಕರಣೆ ಗುರುತಿಸುವ ಪರೀಕ್ಷೆ ಇದೆ. ಗುರುತಿಸಿದರೆ ಅಂಕ. ಏಕೆ, ಹೇಗೆ ಎಂದು ಹದಿನಾರರ ಮಗುವನ್ನು ನಿಲ್ಲಿಸಿ ಯಾರು ಕೇಳಿದ್ದಾರೆ?

ಹಾಗೆಂದು ಇಲ್ಲಿ ಎಲ್ಲ ಚಿನ್ನ ಎಂದುಕೊಳ್ಳಬೇಡ. ವಸ್ತುಪ್ರದರ್ಶನದ ತುಂಬ ಮನೆಗಿಂತ ದೊಡ್ಡ ಟ್ರ್ಯಾಕ್ಟರುಗಳು, ಬೀಜದ ಕಂಪನಿಗಳು, ಚೀಲ ತುಂಬ ಪುಕ್ಕಟೆ ಪೆನ್ನು. ನಿನ್ನ ಎರಡೂವರೆ ಎಕರೆಯಷ್ಟು ಜಾಗವನ್ನು ಒಂದು ಮಳಿಗೆಯೇ ನುಂಗುತ್ತದೇನೋ ಎನಿಸಿತು. 2022ರ ಇಲ್ಲಿನ ಕೃಷಿ ಗಣತಿಯಲ್ಲಿ ರೈತರ ಸರಾಸರಿ ವಯಸ್ಸು 58.1. ನೀಲಿ ಕೋಟಿನ ಮಕ್ಕಳಲ್ಲಿ ಬಹಳ ಮಂದಿ ಡಾಕ್ಟರು, ಮೇಷ್ಟ್ರು, ಕಂಪನಿ ನೌಕರರು ಆಗುತ್ತಾರೆ. 1988ರಲ್ಲಿ ಸಂಘವೇ ತನ್ನ ಹೆಸರಿನಿಂದ ‘ನಾಳಿನ ರೈತರು’ ಎಂಬುದನ್ನು ಬಿಟ್ಟು ಬರೀ ಎಫ್‌ಎಫ್‌ಎ ಆಯಿತು. ನಮ್ಮ ಬಸ್ಸಿನಲ್ಲಿ ಬಂದಿದ್ದ ಇನ್ನೊಬ್ಬ ಪೋಷಕ ಎಂಬತ್ತು ಹಸು ಕರೆಯುತ್ತಿದ್ದವನು. ಎರಡು ವರ್ಷದ ಹಿಂದೆ ಎಲ್ಲ ಮಾರಿದ. ಹಾಲಿಗೆ ಬೆಲೆ ಸಿಗಲಿಲ್ಲ ಎಂದು ಒಂದೇ ಮಾತು ಹೇಳಿ ಕಿಟಕಿಯಾಚೆ ನೋಡುತ್ತ ಕೂತ. ಅವನ ಮಗ ನಮ್ಮ ತಂಡದಲ್ಲೇ ಇದ್ದಾನೆ. ಮನೆಯಲ್ಲಿ ಒಂದೂ ಹಸುವಿಲ್ಲ, ಹಸು ನೋಡುವುದರಲ್ಲಿ ಮಾತ್ರ ನಾಲ್ವರಲ್ಲಿ ಅವನೇ ಗಟ್ಟಿ.

ಕ್ರೀಡಾಂಗಣದ ಸಭೆ ಮಾತ್ರ ಮರೆಯುವಂಥದ್ದಲ್ಲ. ಇವರಿಗೊಂದು ಪ್ರತಿಜ್ಞೆ ಇದೆ, 1930ರಿಂದ ಇರುವಂಥದ್ದು. ಕೃಷಿಯ ಭವಿಷ್ಯವನ್ನು ನಂಬುತ್ತೇನೆ, ಆ ನಂಬಿಕೆ ಮಾತಿನಿಂದಲ್ಲ, ಕೆಲಸದಿಂದ ಹುಟ್ಟಿದ್ದು ಎಂದು ಅದರ ಮೊದಲು. ಅದನ್ನು ಮಗಳು ಅಡುಗೆಮನೆಯಲ್ಲಿ ಉರು ಹೊಡೆಯುವಾಗ ನನಗೆ ಒಗ್ಗರಣೆ ಸೀದುಹೋಗುವ ಚಿಂತೆಯೇ ಹೆಚ್ಚಿತ್ತು. ಅಲ್ಲಿ, ಅಷ್ಟು ದೊಡ್ಡ ಮೌನದಲ್ಲಿ, ಒಂದು ಮಗು ವೇದಿಕೆಯಿಂದ ಅದನ್ನೇ ಹೇಳಿತು. ನನ್ನ ಸುತ್ತಲ ಮಕ್ಕಳ ತುಟಿಗಳೂ ಆಡುತ್ತಿದ್ದವು. ಬಾಲ್ಯದಲ್ಲಿ ನಾನು ನಂಬಿದ್ದೆಲ್ಲ ಇದಕ್ಕೆ ತದ್ವಿರುದ್ಧ ಎಂಬುದು ಆಗ ಹೊಳೆದು ತಲೆ ತಗ್ಗಿಸಿದೆ.

ತಂಡಕ್ಕೆ ಬೆಳ್ಳಿ ಬಂತು. ಎರಡು ಹಸುಗಳನ್ನು ಅದಲು ಬದಲು ಮಾಡಿದೆ ಎಂದು ಮಗಳು ಬಸ್ಸಿನಲ್ಲಿ ಅತ್ತಳು, ಪಿಜ್ಜಾ ತಿಂದ ಮೇಲೆ ಸುಮ್ಮನಾದಳು.

ಮನೆಗೆ ಬಂದು ವಿಡಿಯೊ ಕರೆಯಲ್ಲಿ ಅಪ್ಪನಿಗೆ ಕೋಟು ತೋರಿಸಿದೆವು. ನಿನಗೆ ಗೊತ್ತಲ್ಲ, ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರನ್ನೇ ನನ್ನ ಮನೆತನದ ಹೆಸರಾಗಿ ಬರೆಸಿದ್ದೆ. ಮಗಳಿಗೂ ಅದೇ ಬಂತು. ‘ಆ ಹಳದಿ ದಾರದಲ್ಲಿ ಇಂಗ್ಲಿಷಲ್ಲಿ ಏನು ಬರೆದಿದೆ?’ ಎಂದರು. ‘ನಿಮ್ಮ ಹೆಸರು ತಾತ’ ಎಂದಳು. ನೆಟ್‌ವರ್ಕ್ ಹೋಯಿತೋ ಏನೋ ಎನ್ನುವಷ್ಟು ಹೊತ್ತು ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಆ ಮೂರನೇ ನಂಬರಿನ ಹಸು ಹೊತ್ತಿಗೆಷ್ಟು ಹಾಲು ಕೊಡುತ್ತದಂತೆ?’

ಡಿಸೆಂಬರ್ ಕೊನೆಗೆ ಬರುತ್ತಿದ್ದೇವೆ. ಜಾತ್ರೆ ಸೇರುವವರೆಗೂ ಇರುತ್ತೇವೆ. ಅವಳ ಶಾಲೆಗೆ ಒಂದು ವಾರ ಚಕ್ಕರ್. ಒಳ್ಳೆಯ ಒಂದು ಜೋಡಿ ಹಳ್ಳಿಕಾರ್ ಹೋರಿ ಯಾರ ಮನೆಯಲ್ಲಿದೆ ಎಂದು ವಿಚಾರಿಸಿಡು. ಕೊಳ್ಳುವುದಕ್ಕಲ್ಲ, ಅವಳು ಟವೆಲ್ ಕೆಳಗೆ ಕೈ ಹಾಕುವುದನ್ನು ಕಲಿಯಬೇಕಂತೆ. ನಿಮ್ಮ ಅಪ್ಪನ ಆ ಕೆಂಪು ಅಂಚಿನ ಟವೆಲ್ ಇನ್ನೂ ಇದ್ದರೆ ಅದನ್ನೇ ತಾ.

ಇಂತು,
ನಿನ್ನ ಗೆಳೆಯ