ನಿದ್ದೆಗೆಟ್ಟವರ ದೇಹತಾಪದ ದಾಖಲೆಯೂ ದಾಖಲೆಯೇ

ಮಾನ್ಯ ಸಂಪಾದಕರೇ,

ಗರ್ಭ ಧರಿಸಲು ಬಯಸುವ ಹೆಂಗಸರು ಅಂಡೋತ್ಪತ್ತಿ, ಎಂದರೆ ಅಂಡಾಶಯದಿಂದ ಅಂಡದ ಬಿಡುಗಡೆ, ಆಯಿತೇ ಎಂದು ತಿಳಿಯಲು ದಿನವೂ ಬೆಳಿಗ್ಗೆ ದೇಹತಾಪವನ್ನು ಬರೆದಿಡುವ ಕ್ರಮದ ಬಗ್ಗೆ ಈಚೆಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನವನ್ನು ಓದಿದೆ. ಮುಚ್ಚುಮರೆಯಿಲ್ಲದೆ ಬರೆದದ್ದಕ್ಕಾಗಿ ಲೇಖಕರಿಗೆ ನಾನು ಕೃತಜ್ಞಳು. ಆದರೆ ರಾತ್ರಿಯಿಡೀ ಚೆನ್ನಾಗಿ ಮಲಗಿ, ನಿತ್ಯ ಒಂದೇ ಹೊತ್ತಿಗೆ ಎಚ್ಚರವಾಗಿ, ಹಾಸಿಗೆ ಬಿಡುವ ಮೊದಲೇ ತಾಪ ನೋಡಬೇಕು ಎಂಬ ಒಂದು ಸಾಲಿನಲ್ಲೇ ಅಲ್ಲಿ ನಿದ್ದೆಯ ಮಾತು ಮುಗಿದುಹೋಗಿದೆ. ಎಳೆಮಗುವಿನ ತಾಯಿ, ರಾತ್ರಿಪಾಳಿಯಲ್ಲಿ ದುಡಿಯುವವಳು, ನಿದ್ದೆಯೇ ಬಾರದೆ ಹೊರಳಾಡುವವಳು ಆ ಸಾಲನ್ನು ಓದಿದರೆ ಇದು ತನ್ನಂಥವರಿಗಲ್ಲ ಎಂದು ಪುಟ ಮಗುಚುತ್ತಾಳೆ. ಹಾಗೆ ಮಗುಚಬೇಕಾಗಿಲ್ಲ ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ನಿದ್ದೆಗೂ ಈ ಲೆಕ್ಕಕ್ಕೂ ಏನು ನಂಟು ಎಂಬುದನ್ನು ಲೇಖನ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಅಂಡ ಬಿಡುಗಡೆಯಾದ ಮೇಲೆ ಅಂಡಾಶಯದಿಂದ ಪ್ರೊಜೆಸ್ಟೆರಾನ್ ಹಾರ್ಮೋನು ಹೆಚ್ಚಾಗಿ ಸ್ರವಿಸುತ್ತದೆ; ಅದರಿಂದ ವಿಶ್ರಾಂತಿಯಲ್ಲಿರುವ ದೇಹದ ತಾಪ ಸುಮಾರು 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ, ಮುಂದಿನ ಮುಟ್ಟು ಹತ್ತಿರವಾಗುವವರೆಗೆ ಏರಿದ ಮಟ್ಟದಲ್ಲೇ ಉಳಿಯುತ್ತದೆ. ಇಷ್ಟು ಸಣ್ಣ ಏರಿಕೆಯನ್ನು ಹಿಡಿಯಬೇಕಾದ್ದರಿಂದಲೇ ದಶಮಾಂಶದ ನಂತರ ಎರಡು ಅಂಕಿ ತೋರಿಸುವ ಥರ್ಮಾಮೀಟರ್ ಬೇಕಾಗುತ್ತದೆ. ಆದರೆ ಅಂಡದ ಗೊಡವೆಯೇ ಇಲ್ಲದೆ ದೇಹತಾಪ ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ. ಬೆಳಗಿನ ಜಾವದಲ್ಲಿ ಅದು ತೀರ ಕೆಳಗಿದ್ದು, ಆಮೇಲೆ ಮೆಲ್ಲಗೆ ಮೇಲೇರುತ್ತದೆ. ಒಂದು ದಿನ ಐದು ಗಂಟೆಗೂ ಮರುದಿನ ಏಳೂವರೆಗೂ ನೋಡಿದರೆ, ಅಂಡೋತ್ಪತ್ತಿಯಾಗಿದೆ ಎಂದು ಭ್ರಮೆಪಡುವಷ್ಟು ವ್ಯತ್ಯಾಸ ಕಾಣಬಹುದು. ನಡುವೆ ಎದ್ದು ಓಡಾಡಿದ್ದರೆ ಮೈ ಬಿಸಿಯಾಗಿ ಅಂಕಿ ಇನ್ನಷ್ಟು ಕೆಡುತ್ತದೆ. ತಾಪ ನೋಡುವ ಮೊದಲು ಕನಿಷ್ಠ ಮೂರು ಗಂಟೆ ಒಂದೇ ಸಮನೆ ಮಲಗಿರಬೇಕು ಎಂದು ಸಾಮಾನ್ಯವಾಗಿ ಹೇಳುವುದು ಈ ಕಾರಣಕ್ಕೆ.

ನನ್ನ ಮೊದಲ ಮಗು ರಾತ್ರಿ ಎರಡು ಮೂರು ಸಲ ಎದ್ದು ಅಳುತ್ತಿದ್ದ ಕಾಲದಲ್ಲೇ ಎರಡನೆಯದಕ್ಕಾಗಿ ನಾನು ಈ ದಾಖಲೆ ಶುರುಮಾಡಿದೆ. ಒಂದು ದಿನ 2.40ಕ್ಕೆ ಒಮ್ಮೆ, 4.15ಕ್ಕೆ ಇನ್ನೊಮ್ಮೆ ಎದ್ದು ಮಗುವನ್ನು ಹೆಗಲಿಗೆ ಹಾಕಿಕೊಂಡು ತಿರುಗಾಡಿ, ಮಲಗಿಸಿ, 6.30ಕ್ಕೆ ತಾಪ ನೋಡಿದರೆ 36.68 ಇತ್ತು. ಹಿಂದಿನ ದಿನಗಳಲ್ಲೆಲ್ಲ 36.35ರ ಆಸುಪಾಸಿನಲ್ಲಿತ್ತು. ಸಂತೋಷದಿಂದ ಗಂಡನನ್ನು ಎಬ್ಬಿಸಿ ತೋರಿಸಿದೆ. ಮರುದಿನ ಅದು 36.38ಕ್ಕೆ ಇಳಿದಾಗ ನನಗಾದ ಸಂಕಟ ಈಗಲೂ ನೆನಪಿದೆ. ಆ ಪುಸ್ತಕವನ್ನು ತೆಗೆದುಕೊಂಡು ಹೋದಾಗ ವೈದ್ಯರೊಬ್ಬರು, ಸರಿಯಾಗಿ ನಿದ್ದೆ ಮಾಡದವರು ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ ಎಂದು ಮಡಚಿ ಕೊಟ್ಟರು. ಇನ್ನೊಬ್ಬರು ಪೆನ್ಸಿಲ್ ಹಿಡಿದು, ನಿದ್ದೆ ಕೆಟ್ಟ ದಿನಗಳು ಯಾವುವು ಎಂದು ನನ್ನನ್ನೇ ಕೇಳಿ, ಆ ಏಳು ಚುಕ್ಕೆಗಳಿಗೆ ಸುತ್ತುಹಾಕಿ, ಮಿಕ್ಕವನ್ನು ಗೆರೆಯೆಳೆದು ಜೋಡಿಸಿದರು. ಅಡ್ಡಾದಿಡ್ಡಿಯಾಗಿ ಕಾಣುತ್ತಿದ್ದ ಹಾಳೆಯಲ್ಲಿ ಕೆಳಗೊಂದು ಮೇಲೊಂದು ಎರಡು ಮಟ್ಟಗಳು ಕಣ್ಣಿಗೆ ಕಟ್ಟುವಂತೆ ಮೂಡಿದವು.

ಹಾಗಾಗಿ ಅಂಕಿಯ ಪಕ್ಕದಲ್ಲಿ ನೋಡಿದ ಹೊತ್ತನ್ನೂ ಮಲಗಿದ ಗಂಟೆಗಳನ್ನೂ ಬರೆಯಬೇಕು. ಕೆಟ್ಟ ದಿನದ ಅಂಕಿಯನ್ನು ಅಳಿಸದೆ ಗುರುತುಹಾಕಿ ಲೆಕ್ಕದಿಂದ ಹೊರಗಿಡಬೇಕು. ಹಿಂದಿನ ಆರು ದಿನಗಳ ಎಲ್ಲ ಅಂಕಿಗಳಿಗಿಂತ ಮುಂದಿನ ಮೂರು ದಿನಗಳ ಅಂಕಿಗಳು ಸತತವಾಗಿ ಮೇಲಿದ್ದರೆ ಮಾತ್ರ ಅದು ಏರಿಕೆ. ಒಂಟಿ ಚುಕ್ಕೆಯನ್ನು ನಂಬಬಾರದು. ಎಲ್ಲಕ್ಕಿಂತ ಉದ್ದದ ನಿದ್ದೆ ಯಾವುದೋ ಅದು ಮುಗಿದಾಗ ತಾಪ ನೋಡುವುದು ಒಳ್ಳೆಯದು. ರಾತ್ರಿಪಾಳಿಯವರಿಗೆ ಅದು ಹಗಲಿನ ನಿದ್ದೆಯೇ ಆಗಿರಬಹುದು. ತಡವಾಗಿ ಎದ್ದರೆ ಇಷ್ಟು ಕಳೆಯಿರಿ, ಬೇಗ ಎದ್ದರೆ ಇಷ್ಟು ಕೂಡಿಸಿ ಎಂಬ ಸೂತ್ರಗಳನ್ನೂ ಕೆಲವರು ಹೇಳುತ್ತಾರೆ. ಒಬ್ಬೊಬ್ಬರ ದೇಹ ಒಂದೊಂದು ರೀತಿ ಇರುವಾಗ ಅಂಥ ತಿದ್ದುಪಡಿಯನ್ನು ನಾನು ಒಪ್ಪಲಾರೆ. ಇನ್ನು, ರಾತ್ರಿಯಿಡೀ ನಿದ್ದೆಗೆಟ್ಟವಳು ಥರ್ಮಾಮೀಟರಿನ ಸಲುವಾಗಿ ಐದು ಗಂಟೆಗೆ ಅಲಾರಾಂ ಇಟ್ಟುಕೊಂಡು ಏಳುವುದು ದಯವಿಟ್ಟು ಬೇಡ. ಆ ಒಂದು ಅಂಕಿಗಿಂತ ಆ ನಿದ್ದೆ ಅವಳಿಗೆ ಹೆಚ್ಚು ಮುಖ್ಯ.

ಲೇಖನದಲ್ಲಿ ಬಿಟ್ಟುಹೋದ ಇನ್ನೊಂದು ಸಂಗತಿ ನನ್ನ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡದು. ತಾಪ ಏರುವುದು ಅಂಡ ಬಿಡುಗಡೆಯಾದ ಮೇಲೆ. ಬಿಡುಗಡೆಯಾದ ಅಂಡ ಹೆಚ್ಚೆಂದರೆ 24 ಗಂಟೆ ಬದುಕುತ್ತದೆ. ವೀರ್ಯಾಣುಗಳು ಒಳಗೆ ಐದು ದಿನದವರೆಗೂ ಉಳಿಯಬಲ್ಲವು. ಎಂದರೆ ಗರ್ಭ ನಿಲ್ಲುವ ಸಂಭವವಿರುವುದು ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನಗಳಲ್ಲಿ. ತಾಪ ಏರುವುದನ್ನು ಕಾಯುತ್ತ ಕೂತವರಿಗೆ ಆ ತಿಂಗಳ ಅವಕಾಶ ಆಗಲೇ ಕೈತಪ್ಪಿರುತ್ತದೆ. ಈ ದಾಖಲೆ ನೆರವಾಗುವುದು, ಅಂಡೋತ್ಪತ್ತಿ ಆಗುತ್ತಿದೆಯೇ, ಆಗುತ್ತಿದ್ದರೆ ಮುಟ್ಟಿನ ಚಕ್ರದ ಎಷ್ಟನೆಯ ದಿನದ ಹೊತ್ತಿಗೆ ಎಂಬುದನ್ನು ಮೂರ್ನಾಲ್ಕು ತಿಂಗಳ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ. ಹೀಗಿರುವಾಗ ನಿದ್ದೆಗೆಟ್ಟು ಒಂದು ಬೆಳಗಿನ ಅಂಕಿ ಹಾಳಾದರೆ ಆ ತಿಂಗಳೇ ಹಾಳಾಯಿತೆಂದು ಕೊರಗಬೇಕಾಗಿಲ್ಲ. ಗರ್ಭ ನಿಲ್ಲುವ ಸಂಭವವಿರುವ ದಿನಗಳು ಬರುತ್ತಿವೆ ಎಂಬುದನ್ನು ಮುಂಚೆಯೇ ತಿಳಿಯಲು, ಹಸಿ ಮೊಟ್ಟೆಯ ಬಿಳಿಭಾಗದಂತೆ ತಿಳಿಯಾಗಿ, ಜಾರುಜಾರಾಗಿ, ಎಳೆಯೆಳೆಯಾಗಿ ಬರುವ ಗರ್ಭಕಂಠದ ಲೋಳೆಯನ್ನು ಗಮನಿಸುವುದು ಹೆಚ್ಚು ಉಪಯುಕ್ತ. ಮಗು ಎಷ್ಟು ಸಲ ಎಬ್ಬಿಸಿತು ಎಂಬುದು ಅದನ್ನು ತಾಪದ ಹಾಗೆ ಏರುಪೇರು ಮಾಡುವುದಿಲ್ಲ. ಅಂಡೋತ್ಪತ್ತಿಗೆ ಒಂದೆರಡು ದಿನ ಮೊದಲು, ಅಂಡದ ಬಿಡುಗಡೆಗೆ ಪ್ರೇರಣೆ ಕೊಡುವ ಎಲ್‌ಎಚ್ ಎಂಬ ಹಾರ್ಮೋನು ಏರುವುದನ್ನು ತೋರಿಸುವ ಮೂತ್ರಪರೀಕ್ಷೆಯ ಪಟ್ಟಿಗಳೂ ಇವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಗರ್ಭ ಬೇಡವೆಂದು ಇದೇ ಲೆಕ್ಕವನ್ನು ನೆಚ್ಚಿಕೊಂಡಿರುವವರು, ನಿದ್ದೆ ಕೆಟ್ಟು ಏರಿದ ಅಂಕಿಯನ್ನು ನೋಡಿ ಅಪಾಯದ ದಿನಗಳು ಕಳೆದವೆಂದು ತಿಳಿದರೆ ಮೋಸಹೋಗುತ್ತಾರೆ. ಪದೇ ಪದೇ ನಿದ್ದೆ ಕೆಡುವವರು ಗರ್ಭನಿರೋಧಕ್ಕೆ ತಾಪವೊಂದನ್ನೇ ನಂಬಬಾರದು.

ಒಂದು ವರ್ಷ ಪ್ರಯತ್ನಿಸಿಯೂ, 35 ದಾಟಿದವರಾದರೆ ಆರು ತಿಂಗಳು ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ಹಾಳೆಯನ್ನು ಬದಿಗಿಟ್ಟು ಗಂಡಹೆಂಡತಿ ಇಬ್ಬರೂ ವೈದ್ಯರನ್ನು ಕಾಣಬೇಕು. ಇಬ್ಬರೂ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಳ್ಳುವವಳು ಹೆಂಗಸೇ ಆಗಿರುವಾಗ ತಪ್ಪೂ ಅವಳದ್ದೇ ಎಂಬ ಭಾವನೆ ಮನೆಯಲ್ಲಿ ಬಲು ಬೇಗ ಬೇರೂರುತ್ತದೆ.

ನೀವು ಲೇಖನದ ಜೊತೆಗೆ ಅಚ್ಚುಹಾಕಿದ ಮಾದರಿ ಕೋಷ್ಟಕದಲ್ಲಿ ದಿನಾಂಕ ಮತ್ತು ತಾಪ ಎಂಬ ಎರಡೇ ಕಾಲಂಗಳಿವೆ. ನೋಡಿದ ಹೊತ್ತಿಗೊಂದು, ಮಲಗಿದ ಗಂಟೆಗಳಿಗೊಂದು ಕಾಲಂ ಸೇರಿಸಿ ಅದನ್ನು ಇನ್ನೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು
(ಹೆಸರು ಪ್ರಕಟಿಸಬಾರದಾಗಿ ವಿನಂತಿ)