ತಟ್ಟೆ ಬಡಿದವರೇ ಗೇಟು ಹಾಕಿದರೆ?

ಮಾನ್ಯ ಸಂಪಾದಕರೇ,

2020ರ ಮಾರ್ಚ್ 22ರ ಭಾನುವಾರ, ಕೊರೊನಾ ತಡೆಗೆ ಎಲ್ಲರೂ ಮನೆಯಲ್ಲೇ ಇರಬೇಕಿದ್ದ ಜನತಾ ಕರ್ಫ್ಯೂ ದಿನ, ಬೆಳಗ್ಗೆಯಿಂದ ನಮ್ಮ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆ 5 ಗಂಟೆಗೆ ನೋಡಿ, ತಟ್ಟೆ, ಸೌಟು, ಜಾಗಟೆ ಹಿಡಿದು ಎಲ್ಲರೂ ಬೀದಿಗೆ! ಡಾಕ್ಟರು, ನರ್ಸುಗಳಿಗೆ ಕೃತಜ್ಞತೆ ಹೇಳಲು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಅಂತ ಪ್ರಧಾನಿ ಅಂದರೆ ಕೆಲವರು ಮೆರವಣಿಗೆಯನ್ನೇ ಹೊರಡಿಸಿದರು. ದಿನವಿಡೀ ಒಳಗೆ ಕೂತದ್ದು ಸುಮ್ನೆ ದಂಡ ಅಲ್ವಾ?

24ರ ರಾತ್ರಿ ಪ್ರಧಾನಿ 21 ದಿನ ಲಾಕ್‌ಡೌನ್ ಅಂದದ್ದೇ ತಡ, ದಿನಸಿ ಅಂಗಡಿ ಮುಂದೆ ನೂಕುನುಗ್ಗಲು. ಮಾರನೇ ದಿನವೇ ಯುಗಾದಿ ಬೇರೆ. ಆಮೇಲೆ ಜನ ದೂರ ದೂರ ನಿಲ್ಲಲಿ ಅಂತ ಅಂಗಡಿಯವರು ಸುಣ್ಣದಲ್ಲಿ ದುಂಡಗೆ ಗೆರೆ ಹಾಕಿದರು. ನಮ್ಮ ಜನ ಅದರೊಳಗೆ ಚೀಲ ಇಟ್ಟು, ತಾವು ಹೊಂಗೆ ಮರದ ನೆರಳಲ್ಲಿ ಒಟ್ಟಿಗೆ ನಿಂತು ಹರಟುತ್ತಿದ್ದರು!

ಇದಕ್ಕೆಲ್ಲ ನಗಬಹುದು. ನಗು ಬರದ ಸಂಗತಿ ಇನ್ನೊಂದಿದೆ. ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಹುಡುಗಿಗೆ ಮನೆ ಖಾಲಿ ಮಾಡು ಅಂದರು. ಅಂದವರು ಆ ಭಾನುವಾರ ಎಲ್ಲರಿಗಿಂತ ಜೋರಾಗಿ ತಟ್ಟೆ ಬಡಿದವರು. ಭಯ ಇರಲಿ, ದೇಶದ ಮೊದಲ ಕೊರೊನಾ ಸಾವು ಆದದ್ದೇ ನಮ್ಮ ಕಲಬುರಗಿಯಲ್ಲಿ, ನನಗೂ ಭಯ ಇತ್ತು. ಆದರೆ ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಗೇಟು ತೆಗೆಯದೆ ಅರ್ಧ ಗಂಟೆ ನಿಲ್ಲಿಸುವುದಾ? ಅವಳ ಹಾಲಿನ ಪ್ಯಾಕೆಟ್ ಕಾಂಪೌಂಡ್ ಮೇಲೆ ಬಿಸಿಲಿಗೆ ಊದಿಕೊಂಡಿತ್ತು. ಸಾಮಾನು ಸಾಗಿಸೋಣ ಅಂದರೆ ಆಟೋನೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಅವಳು ಎಲ್ಲಿಗೆ ಹೋಗಬೇಕಿತ್ತು ಹೇಳಿ?

– ಓದುಗ, ಬೆಂಗಳೂರು